ತಪಾಸಣೆಯ ಹೊರಗೆ ಉಳಿದ ದೋಣಿಗಳು: ಅಮೆರಿಕದ ಟೋಬೋಟ್ ನಿಯಮಗಳ ಹಿನ್ನೆಲೆ

ಮಿಸಿಸಿಪ್ಪಿ, ಒಹಾಯೊ ನದಿಗಳಲ್ಲಿ ಜೋಳ, ಸೋಯಾ, ಕಲ್ಲಿದ್ದಲು ಸಾಗುವುದು ಬಾರ್ಜ್ ಎಂಬ ಚಪ್ಪಟೆ ತಳದ ಸರಕು ದೋಣಿಗಳಲ್ಲಿ. ಇವಕ್ಕೆ ಸ್ವಂತ ಎಂಜಿನ್ ಇಲ್ಲ. ಮೂರು ಸಾಲು, ಸಾಲಿಗೆ ಐದರಂತೆ ಹದಿನೈದು ಬಾರ್ಜ್‌ಗಳನ್ನು ಉಕ್ಕಿನ ಹಗ್ಗಗಳಿಂದ ಒಟ್ಟಿಗೆ ಬಿಗಿಯುತ್ತಾರೆ. ಟೋಬೋಟ್ ಅವನ್ನು ಹಿಂದಿನಿಂದ ತಳ್ಳುತ್ತದೆ. ಒಂದೊಂದು ಬಾರ್ಜ್ 195 ಅಡಿ ಉದ್ದ, ಸುಮಾರು 1,500 ಟನ್ ಸರಕು. ಚುಕ್ಕಾಣಿ ಹಿಡಿದವನಿಗೂ ಮುಂದಿನ ತುದಿಗೂ ನಡುವೆ ಹೆಚ್ಚುಕಡಿಮೆ ಸಾವಿರ ಅಡಿ ಅಂತರ. ನದಿಯ ಹರಿವಿನೊಂದಿಗೆ ಇಳಿಯುವಾಗ ಇಷ್ಟು ಭಾರವನ್ನು ನಿಲ್ಲಿಸಲು ಒಂದು ಮೈಲಿಯೂ ಸಾಲದಿರಬಹುದು. ಆ ನದಿಗಳಲ್ಲಿ ಇಳಿದು ಬರುವವನಿಗೆ ಏರಿ ಬರುವವನು ದಾರಿ ಬಿಡಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ.

ಬಾಯ್ಲರ್ ಸಿಡಿದು ಜನ ಸಾಯುತ್ತಿದ್ದ 19ನೇ ಶತಮಾನದಲ್ಲೇ ಉಗಿ ಹಡಗುಗಳ ಸರ್ಕಾರಿ ತಪಾಸಣೆ ಆರಂಭವಾಗಿತ್ತು. ಡೀಸೆಲ್ ಬಂತು, ಉಗಿ ಹೋಯಿತು. ಬಹುಪಾಲು ಟೋಬೋಟ್‌ಗಳು ಕಾನೂನಿನ ಕಣ್ಣಿಗೆ ‘ತಪಾಸಣೆ ಬೇಡದ’ ದೋಣಿಗಳಾಗಿ ಉಳಿದವು. 1972ರಲ್ಲಿ ಚಾಲಕನಿಗೆ ಪರವಾನಗಿ ಕಡ್ಡಾಯವಾಯಿತು. ದೋಣಿಯನ್ನು ಮಾತ್ರ ಯಾರೂ ಕೇಳಲಿಲ್ಲ.

1993ರ ಸೆಪ್ಟೆಂಬರ್ 22ರ ನಸುಕಿನಲ್ಲಿ ಈ ನಿರ್ಲಕ್ಷ್ಯದ ಬೆಲೆ ತಿಳಿಯಿತು. ಅಲಬಾಮದ ಮೊಬೀಲ್ ನಗರದ ಬಳಿ ದಟ್ಟ ಮಂಜು. ಬಾರ್ಜ್‌ಗಳನ್ನು ತಳ್ಳುತ್ತಿದ್ದ ‘ಮೊವಿಲಾ’ ಎಂಬ ಟೋಬೋಟ್ ನದಿಯಿಂದ ದಾರಿ ತಪ್ಪಿ, ಬಾರ್ಜ್ ಸಂಚಾರವಿಲ್ಲದ ಬಿಗ್ ಬಯೂ ಕೆನೋ ಎಂಬ ಕವಲಿಗೆ ಹೊಕ್ಕಿತು. ರೇಡಾರ್ ಪರದೆಯಲ್ಲಿ ಕಂಡ ರೈಲು ಸೇತುವೆಯನ್ನು ಚಾಲಕ ಇನ್ನೊಂದು ಬಾರ್ಜ್ ಗುಂಪೆಂದು ತಿಳಿದು, ಅದರ ಬಳಿ ತಂಗೋಣವೆಂದು ಮುಂದುವರಿದ. ಢಿಕ್ಕಿಗೆ ಹಳಿ ಸುಮಾರು ಮೂರು ಅಡಿ ಪಕ್ಕಕ್ಕೆ ಸರಿಯಿತು. ಆದರೆ ತುಂಡಾಗಲಿಲ್ಲ; ಹಳಿಯಲ್ಲಿ ಹರಿಯುವ ವಿದ್ಯುತ್ ಕಡಿದರಷ್ಟೇ ಕೆಂಪಾಗುವ ಸಿಗ್ನಲ್ ಹಾಗಾಗಿ ಹಸಿರಾಗಿಯೇ ಇತ್ತು. ಕೆಲವೇ ನಿಮಿಷಗಳಲ್ಲಿ ಬಂದ ಆಮ್‌ಟ್ರಾಕ್ ಪ್ರಯಾಣಿಕ ರೈಲು ನೀರಿಗುರುಳಿ 47 ಮಂದಿ ಸತ್ತರು.

ದೋಣಿಯಲ್ಲಿ ದಿಕ್ಸೂಚಿ ಇರಲಿಲ್ಲ, ನದಿಯ ನಕ್ಷೆಯೂ ಇರಲಿಲ್ಲ. ಇದ್ದ ರೇಡಾರನ್ನು ಓದುವ ತರಬೇತಿ ಚಾಲಕನಿಗೆ ಸಿಕ್ಕಿರಲಿಲ್ಲ, ಅವನ ಪರವಾನಗಿ ಅದನ್ನು ಕೇಳಿರಲೂ ಇಲ್ಲ. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಚಾಲಕನೊಬ್ಬನ ಬಳಿಯೇ ನಿಲ್ಲದೆ, ಅವನ ಸಾಮರ್ಥ್ಯ ಪರೀಕ್ಷಿಸದ ಕಂಪನಿಯನ್ನೂ ಪರವಾನಗಿಗೆ ಕಠಿಣ ಮಾನದಂಡ ರೂಪಿಸದ, ಹಡಗುಗಳ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಪಡೆ ಕೋಸ್ಟ್ ಗಾರ್ಡನ್ನೂ ಎತ್ತಿ ಹೇಳಿತು. ಆ ವರದಿಯ ಮುಖ್ಯ ಬೆಲೆ ಇರುವುದೇ ಇಲ್ಲಿ. ನಂತರದ ವರ್ಷಗಳಲ್ಲಿ ರೇಡಾರ್ ತರಬೇತಿ, ನಕ್ಷೆ, ಉಪಕರಣಗಳು ಕಡ್ಡಾಯವಾದವು. 2001ರಿಂದ ಪರವಾನಗಿ ನಿಯಮಗಳು ಬದಲಾಗಿ, ದೋಣಿ ನಡೆಸಿ ತೋರಿಸುವುದೂ ಅಗತ್ಯವಾಯಿತು.

ಅದೇ ವರ್ಷ ಟೆಕ್ಸಾಸ್‌ನ ಕ್ವೀನ್ ಇಸಬೆಲ್ಲಾ ಸೇತುವೆಗೆ ಬಾರ್ಜ್ ಬಡಿದು ಎಂಟು ಮಂದಿ, 2002ರಲ್ಲಿ ಓಕ್ಲಹೋಮದ ವೆಬರ್ಸ್ ಫಾಲ್ಸ್‌ನಲ್ಲಿ ಅಂಥದೇ ಅಪಘಾತದಲ್ಲಿ ಹದಿನಾಲ್ಕು ಮಂದಿ ಸತ್ತರು. ಎರಡನೆಯದರಲ್ಲಿ ಕ್ಯಾಪ್ಟನ್ ಹೃದಯದ ತೊಂದರೆಯಿಂದ ಪ್ರಜ್ಞೆ ತಪ್ಪಿದ್ದರು. ಅದನ್ನು ಯಾವ ದೋಣಿ ತಪಾಸಣೆಯೂ ತಡೆಯುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು.

ಟೋಬೋಟ್‌ಗಳನ್ನು ತಪಾಸಣೆಯ ಪಟ್ಟಿಗೆ ಸೇರಿಸುವ ಕಾನೂನು ಬಂದದ್ದು 2004ರಲ್ಲಿ. ಅದರ ನಿಯಮಗಳು ಅಂತಿಮಗೊಳ್ಳಲು 2016ರವರೆಗೆ ಕಾಯಬೇಕಾಯಿತು. ಈ ನಡುವೆ, 2008ರಲ್ಲಿ, ನ್ಯೂ ಆರ್ಲಿಯನ್ಸ್ ಬಳಿ ಕ್ಯಾಪ್ಟನ್ ಇಲ್ಲದ ಟೋಬೋಟನ್ನು ತರಬೇತಿ ಮಟ್ಟದ ಪರವಾನಗಿ ಇದ್ದವನೊಬ್ಬ ನಡೆಸುತ್ತಿದ್ದಾಗ ಅದರ ಬಾರ್ಜ್ ಟ್ಯಾಂಕರ್‌ಗೆ ಅಡ್ಡ ಬಂದು, ಎರಡೂವರೆ ಲಕ್ಷ ಗ್ಯಾಲನ್‌ಗೂ ಹೆಚ್ಚು ಎಣ್ಣೆ ಮಿಸಿಸಿಪ್ಪಿಗೆ ಸೋರಿತು. ‘ಸಬ್‌ಚಾಪ್ಟರ್ ಎಂ’ ಎಂಬ ಹೊಸ ನಿಯಮಾವಳಿಯಡಿ ದೋಣಿಗಳಿಗೆ ತಪಾಸಣಾ ಪ್ರಮಾಣಪತ್ರ ನೀಡುವ ಕೆಲಸಕ್ಕೆ 2022ರ ಜುಲೈ ಗಡುವಾಗಿತ್ತು.

ದುಡಿಮೆಯ ಹೊತ್ತು ಮಾತ್ರ ಹಾಗೆಯೇ ಉಳಿದಿದೆ. ಆರು ಗಂಟೆ ಕೆಲಸ, ಆರು ಗಂಟೆ ಬಿಡುವು, ಮತ್ತೆ ಆರು ಗಂಟೆ ಕೆಲಸ: ಬಹುತೇಕ ಟೋಬೋಟ್‌ಗಳಲ್ಲಿ ವಾರಗಟ್ಟಲೆ ನಡೆಯುವ ಪಾಳಿ ಇದು. ಕಾನೂನಿನಲ್ಲಿರುವುದು ದಿನಕ್ಕೆ ಹನ್ನೆರಡು ಗಂಟೆಯ ಮಿತಿ. ಎಡೆಬಿಡದ ನಿದ್ದೆಗೆ ಎಷ್ಟು ಹೊತ್ತು ಎಂಬುದನ್ನು ಅದು ಹೇಳುವುದಿಲ್ಲ. 2004ರ ಕಾನೂನು ಇದಕ್ಕೂ ನಿಯಮ ಮಾಡುವ ಅಧಿಕಾರ ಕೊಟ್ಟಿತ್ತು. 2016ರ ನಿಯಮಾವಳಿ ಅದನ್ನು ಮುಂದಿನ ಪ್ರಕ್ರಿಯೆಗೆ ಬಿಟ್ಟಿತು.