ಪಾರಿಜಾತ ಎಲೆ ಉದುರಿಸಿದಾಗ ನೀರು ಸುರಿಯಬೇಡಿ

ಬೇಸಿಗೆ ಬಂದರೆ ಈ ದೂರು ತಪ್ಪುವುದಿಲ್ಲ: "ಪಾರಿಜಾತದ ಎಲೆಯೆಲ್ಲ ಉದುರಿತು, ದಿನಕ್ಕೆರಡು ಹೊತ್ತು ನೀರು ಹಾಕಿದರೂ ಚಿಗುರುತ್ತಿಲ್ಲ." ಮೊದಲು ನೀರು ನಿಲ್ಲಿಸಿ ಎನ್ನುತ್ತೇನೆ. ಉಗುರಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ. ಎಲೆ ಉದುರುವ ಒಣ ಕಾಡುಗಳಲ್ಲಿ, ಕಲ್ಲುಗುಡ್ಡಗಳ ಇಳಿಜಾರಿನಲ್ಲಿ ತಾನಾಗಿ ಬೆಳೆಯುವ ಗಿಡವಿದು. ಮಳೆಯಿಲ್ಲದ ತಿಂಗಳುಗಳಲ್ಲಿ ಎಲೆ ಕಳಚಿ ಸುಮ್ಮನಿರುವುದು ಅದರ ಹುಟ್ಟುಗುಣ. ಎಲೆಯಿಲ್ಲದ ಗಿಡ ನೀರು ಹೀರುವುದೇ ಕಡಿಮೆ. ಸುರಿದದ್ದೆಲ್ಲ ಬುಡದಲ್ಲಿ ನಿಂತು ಬೇರು ಕೊಳೆಸುತ್ತದೆ. ನಾನು ಕಂಡ ಸತ್ತ ಪಾರಿಜಾತಗಳಲ್ಲಿ ಹೆಚ್ಚಿನವು ಬಾಯಾರಿ ಸತ್ತವಲ್ಲ.

ನೆಟ್ಟ ಮೊದಲ ವರ್ಷದ ಮಾತು ಬೇರೆ. ಬೇರು ಆಳಕ್ಕಿಳಿಯುವವರೆಗೆ ಮೇಲ್ಮಣ್ಣು ಒಣಗಿದಾಗಲೆಲ್ಲ ಚೆನ್ನಾಗಿ ನೆನೆಯುವಷ್ಟು ನೀರು ಕೊಡಿ.

ಗಿಡ ಮಾಡಿಕೊಳ್ಳಲು ಬೀಜವೂ ಆದೀತು. ಚಪ್ಪಟೆಯಾದ ಕಾಯಿ ಕಂದು ಬಣ್ಣಕ್ಕೆ ತಿರುಗಿ ಒಣಗಿದ ಮೇಲೆ ಎರಡು ಹೋಳಾಗುತ್ತದೆ, ಹೋಳಿಗೊಂದು ಬೀಜ. ಆದರೆ ಬೇಗ ಹೂ ಬೇಕೆಂದರೆ ಕಡ್ಡಿಯೇ ವಾಸಿ. ಮಳೆಗಾಲದ ಆರಂಭದಲ್ಲಿ, ತೀರಾ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ಪೆನ್ಸಿಲ್ ಗಾತ್ರದ ರೆಂಬೆ ಆರಿಸಿ. ಪಾರಿಜಾತದ ಎಳೆ ರೆಂಬೆ ಚೌಕಾಕಾರವಾಗಿರುತ್ತದೆ, ಬೆರಳಿಗೆ ನಾಲ್ಕು ಅಂಚು ಸಿಗುತ್ತವೆ. ಆರರಿಂದ ಎಂಟು ಅಂಗುಲದ ತುಂಡನ್ನು ಗಿಣ್ಣಿನ ಕೆಳಗೇ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದದ್ದನ್ನು ತೆಗೆಯಿರಿ. ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿದರೆ ತೇವ ಆರುವುದು ತಗ್ಗುತ್ತದೆ. ಬೇರು ಬರಿಸುವ ಪುಡಿಯಲ್ಲಿ ಅದ್ದಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಸಮ ಬೆರೆಸಿದ ಕುಂಡದಲ್ಲಿ ನೆಟ್ಟು ನೆರಳಲ್ಲಿಡಿ.

ಇಲ್ಲಿಯೇ ಹೊಸಬರು ಮೋಸಹೋಗುವುದು. ಕೆಲವೇ ದಿನಗಳಲ್ಲಿ ಕಡ್ಡಿ ಚಿಗುರುತ್ತದೆ, ಬೇರು ಬಂತೆಂದು ಕಿತ್ತು ನೆಡುತ್ತಾರೆ. ಆ ಚಿಗುರು ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದ ಬಂದದ್ದು, ಅಡಿಯಲ್ಲಿ ಏನೂ ಆಗಿರುವುದಿಲ್ಲ. ಕುಂಡದ ತಳದ ತೂತಿನಲ್ಲಿ ಬಿಳಿ ಬೇರು ಕಾಣುವವರೆಗೆ ಮುಟ್ಟಬೇಡಿ. ಕಡ್ಡಿಗಳಲ್ಲಿ ಕೆಲವು ಸೋಲುತ್ತವೆ, ಒಂದು ಗಿಡ ಬೇಕಿದ್ದರೂ ಐದಾರು ನೆಡಿ.

ಹೂ ಬರುವುದು ಹೊಸ ರೆಂಬೆಗಳ ತುದಿಯಲ್ಲಿ. ಹೂವಿನ ಕಾಲ ಮುಗಿದೊಡನೆ ಮೂರನೆಯ ಒಂದು ಭಾಗ ಸವರಿ, ಕೈ ನಡುಗುವುದು ಬೇಡ. ಸವರದ ಗಿಡ ಬರೀ ಎತ್ತರಕ್ಕೆ ಓಡುತ್ತದೆ. ಜಾಗಕ್ಕೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಹಾಗೆಯೇ, ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ಉದುರುವ ಹೂವಿದು. ಮಲಗುವ ಕೋಣೆಯ ಕಿಟಕಿಯ ಹತ್ತಿರ ನೆಟ್ಟರೆ ಪರಿಮಳ ನಿಮಗೆ ಸಿಗುತ್ತದೆ.