ಅಪ್ಪ ಹೇಳಿದ್ದು ಬೇರೆ ಕೋವಿಗೆ

ನನ್ನದು ಕೋವಿ ರಿಪೇರಿ ಕೆಲಸ. ಗಿರಾಕಿ ಬಂದರೆ ನಾನು ಮೊದಲು ಲೈಸೆನ್ಸ್ ಪುಸ್ತಕ ನೋಡುತ್ತೇನೆ, ಆಮೇಲೆ ಅವರ ಕೈ, ಕೊನೆಗೆ ಕೋವಿ. ಪುಸ್ತಕ ನೋಡುವುದು ಕಾನೂನಿಗೆ. ಕೈ ನೋಡುವುದು ಕೋವಿಗೆ ಏನಾಗಿದೆ ಅಂತ ತಿಳಿಯಲಿಕ್ಕೆ. ಹೆಬ್ಬೆರಳಿನ ಉಗುರು ಕಪ್ಪಾಗಿದ್ದರೆ ನಳಿಗೆ ಮುಚ್ಚುವಾಗ ಬೆರಳು ಸಂದಿಗೆ ಸಿಕ್ಕಿದೆ. ಗೆಣ್ಣಿನ ಚರ್ಮ ಸುಲಿದಿದ್ದರೆ ಗಜ, ಅಂದರೆ ನಳಿಗೆ ಒರೆಸುವ ಸರಳು, ಒಳಗೆ ಕಚ್ಚಿಕೊಂಡು ಆಮೇಲೆ ಒಮ್ಮೆಲೇ ಜಾರಿದೆ. ಎಡ ಅಂಗೈಗೆ ಬಟ್ಟೆ ಸುತ್ತಿದ್ದು, ಕೋವಿ ಗೋಣಿಚೀಲದಲ್ಲಿ ಮೂರು ತುಂಡಾಗಿ ಬಂದಿದ್ದರೆ ಕೇಳುವುದೇ ಬೇಡ, ಸ್ಕ್ರೂಡ್ರೈವರ್.

ಈ ಅಂಗೈ ಬ್ಯಾಂಡೇಜಿನವರಿಗೊಂದು ಸೀಸನ್ ಇದೆ. ಲೋಕಸಭೆ, ವಿಧಾನಸಭೆ ಚುನಾವಣೆ ಬಂದಾಗ ಬೆಳೆ ರಕ್ಷಣೆಯ ಕೋವಿಗಳೆಲ್ಲ ಠಾಣೆಗೆ ಹೋಗುತ್ತವೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಜೂನ್ 6ಕ್ಕೆ ಮುಗಿಯಿತು. ಅಷ್ಟರಲ್ಲಿ ನಮ್ಮ ಸಕಲೇಶಪುರದ ಕಡೆ ಮಳೆ ಹಿಡಿದಿರುತ್ತದೆ. ಮೂರು ತಿಂಗಳು ಎಣ್ಣೆ ಕಾಣದ ಕೋವಿ, ಹೊರಗೆ ಜಡಿಮಳೆ, ತೋಟಕ್ಕೆ ಹೋಗುವಂತಿಲ್ಲ. ಮನೆಯಲ್ಲಿ ಸುಮ್ಮನೆ ಕೂತ ಗಂಡಸು ಕೋವಿ ಬಿಚ್ಚಿ ಒರೆಸುತ್ತೇನೆ ಅಂತ ಜಗುಲಿಗೆ ಬರುತ್ತಾನೆ. ಆ ವರ್ಷ ಜೂನ್ ಕೊನೆಯೊಳಗೆ ಇಂಥ ಆರು ಕೈ ನೋಡಿದೆ.

ಕೋವಿ ಮುಟ್ಟಿದ ಕೂಡಲೇ ಮಡಚಿ ಖಾಲಿ ಇದೆಯಾ ಅಂತ ನೋಡಬೇಕು, ಒಬ್ಬರಿಂದ ಇನ್ನೊಬ್ಬರ ಕೈಗೆ ಹೋದಾಗ ಮತ್ತೆ ನೋಡಬೇಕು, ಮೂತಿ ಯಾರ ಕಡೆಗೂ ತಿರುಗಬಾರದು. ಇದನ್ನೆಲ್ಲ ನಾನಿಲ್ಲಿ ಬಿಡಿಸಿ ಬರೆಯುವುದಿಲ್ಲ. ಅಷ್ಟು ಗೊತ್ತಿಲ್ಲದವರು ಈ ಅಂಕಣ ಓದುವ ಬದಲು ಲೈಸೆನ್ಸ್ ವಾಪಸ್ ಕೊಟ್ಟುಬಿಡುವುದು ಒಳ್ಳೆಯದು. ನಾನು ಹೇಳಹೊರಟಿರುವುದು ಎರಡೆರಡು ಸಲ ನೋಡಿ ಖಾಲಿ ಅಂತ ಖಾತ್ರಿ ಮಾಡಿಕೊಂಡ ಮೇಲೂ ಕಚ್ಚುವ ಕೋವಿಯ ವಿಚಾರ.

ಆ ಜೂನಿನಲ್ಲಿ ಬಂದ ಗೌಡರೊಬ್ಬರಿಗೆ ನಲವತ್ತೈದರ ಆಸುಪಾಸು. ಹತ್ತೆಕರೆ ಕಾಫಿ, ಅದರ ನಡುವೆ ಮೆಣಸು, ಹಂದಿಕಾಟ. ಗೋಣಿಚೀಲ ಮೇಜಿನ ಮೇಲಿಟ್ಟು ಎಡಗೈ ಹಿಂದಕ್ಕೆ ಕಟ್ಟಿಕೊಂಡು ನಿಂತರು.

"ಏನ್ ಗೌಡ್ರೇ, ಸ್ಕ್ರೂಡ್ರೈವರ್ ದೊಡ್ಡದೋ ಸಣ್ಣದೋ?"

"ನಿಮಗ್ಯಾರ್ ಹೇಳಿದ್ರು ಆಚಾರ್ರೇ?"

"ಚೀಲ ಹೇಳ್ತು."

ಬಿಚ್ಚಿ ನೋಡಿದರೆ ಡಿ.ಬಿ.ಬಿ.ಎಲ್., ಹನ್ನೆರಡು ಬೋರಿನ ಜೋಡಿನಳಿಗೆ, ಕುದುರೆ, ಅಂದರೆ ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ, ಒಳಗಿರುವ ಮಾಡೆಲ್ಲು. ಕುದುರೆ, ಟ್ರಿಗರ್ ಕೂರುವ ಕಬ್ಬಿಣದ ಬಾಡಿಯ ಮುಂಭಾಗದಲ್ಲಿ, ಕೀಲಿನ ಪಕ್ಕ, ಸ್ಕ್ರೂಡ್ರೈವರ್ ಜಾರಿದ ಮೂರು ಹೊಸ ಗೀರು. ನಾಲ್ಕನೆಯದು ಗೌಡರ ಅಂಗೈಯಲ್ಲಿ.

ಎಣ್ಣೆ ಹಾಕಿ ಒರೆಸಲಿಕ್ಕೆ ನಳಿಗೆ ಕಳಚಿದ್ದಾರೆ. ಅಲ್ಲಿವರೆಗೆ ಸರಿ. ಆಮೇಲೆ ಕೈಯಲ್ಲುಳಿದ ಹಿಡಿ-ಬಾಡಿ ಎತ್ತಿ, ಗೋಡೆಯ ಕಡೆಗೆ ತಿರುಗಿಸಿ, ಎರಡೂ ಟ್ರಿಗರ್ ಎಳೆದಿದ್ದಾರೆ. ಟಕ್, ಟಕ್. ಯಾಕೆ ಅಂದರೆ, "ಕುದುರೆ ಎತ್ತಿಟ್ರೆ ಸ್ಪ್ರಿಂಗ್ ಸೋಲ್ತದೆ, ಇಳಿಸಿಡು ಅಂತ ಅಪ್ಪ ಯಾವಾಗ್ಲೂ ಹೇಳೋರು." ಒರೆಸಿ ಮುಗಿದ ಮೇಲೆ ನಳಿಗೆ ಕೂರಿಸಲು ಹೋದರೆ ಕೂರುತ್ತಿಲ್ಲ. ಅರ್ಧ ಗಂಟೆ ಒದ್ದಾಡಿ, ಹೆಂಡತಿಯ ಕೈಯಲ್ಲಿ ಟಾರ್ಚ್ ಹಿಡಿಸಿ, ಕೊನೆಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದ್ದಾರೆ.

ನಾನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ಸಂಗತಿ ಇದೊಂದೇ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಗೌಡರ ಅಪ್ಪನ ಮಾತು ಸುಳ್ಳಲ್ಲ. ಅವರ ಹತ್ತಿರ ಇದ್ದದ್ದು ಹೊರಕುದುರೆಯ ಕೋವಿ. ಅದರಲ್ಲಿ ಕುದುರೆ ಕಣ್ಣಿಗೆ ಕಾಣುತ್ತದೆ, ಹೆಬ್ಬೆರಳಿಗೆ ಸಿಗುತ್ತದೆ. ಎತ್ತಬೇಕಾದರೆ ಹೆಬ್ಬೆರಳಿಂದ ಎಳೆಯುತ್ತೀರಿ, ಇಳಿಸಬೇಕಾದರೆ ಹೆಬ್ಬೆರಳಲ್ಲೇ ತಡೆಹಿಡಿದು ಮೆಲ್ಲಗೆ ಬಿಡುತ್ತೀರಿ. ನಳಿಗೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅಂಥ ಕೋವಿಗೆ 'ಇಳಿಸಿಡು' ಅನ್ನುವುದು ಒಳ್ಳೆಯ ಬುದ್ಧಿವಾದ.

ಒಳಕುದುರೆಯ ಕೋವಿಯಲ್ಲಿ ಕುದುರೆ ಎತ್ತುವುದು ನಿಮ್ಮ ಹೆಬ್ಬೆರಳಲ್ಲ, ನಳಿಗೆ. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ಮಾಡಿಟ್ಟ ಉಪಾಯ ಇದು. ಇವತ್ತು ನಮ್ಮ ಕಡೆ ಇರುವ ಒಳಕುದುರೆಯ ಜೋಡಿನಳಿಗೆಗಳಲ್ಲಿ ಬಹುಪಾಲು ಅದೇ ಕುಲದವು. ಕೋವಿ ಮಡಚಿದಾಗ ನಳಿಗೆಯ ಮೂತಿ ಕೆಳಕ್ಕೆ ಬಾಗುತ್ತದಲ್ಲ, ಆ ಬಾಗುವ ಬಲವೇ ಕೀಲಿನ ಹತ್ತಿರದ ಎರಡು ಸಣ್ಣ ಸನ್ನೆಗಳನ್ನು ಒತ್ತಿ, ಒಳಗಿನ ಕುದುರೆಗಳನ್ನು ಹಿಂದಕ್ಕೆ ತಳ್ಳಿ ಕೂರಿಸುತ್ತದೆ. ತೋಟಾ ಹಾಕಲಿಕ್ಕೆ ಮಡಚುತ್ತೇನೆ ಅಂತ ನೀವು ಅಂದುಕೊಂಡಿರುತ್ತೀರಿ. ಅದರ ಜೊತೆಗೇ ಎರಡು ಬಲವಾದ ಸ್ಪ್ರಿಂಗ್ ಬಿಗಿದಿರುತ್ತೀರಿ. ಗೊತ್ತೇ ಆಗುವುದಿಲ್ಲ, ಯಾಕೆಂದರೆ ನಳಿಗೆ ಉದ್ದ ಇಪ್ಪತ್ತೆಂಟು ಇಂಚೋ ಮೂವತ್ತೋ ಇರುತ್ತದೆ, ಒಳಗಿನ ಸನ್ನೆ ಬೆರಳುದ್ದವೂ ಇಲ್ಲ. ತೋಟದಲ್ಲಿ ಬಂಡೆ ಮೀಟುವಾಗ ಉದ್ದ ಹಾರೆ ಹಾಕಿದರೆ ಒಬ್ಬನೇ ಎಬ್ಬಿಸುತ್ತೀರಲ್ಲ, ಹಾಗೆ.

ಈಗ ಹಾರೆ ತೆಗೆದಿಟ್ಟು ಬಂಡೆಯನ್ನು ಬೆರಳಲ್ಲಿ ಎಬ್ಬಿಸಲು ಹೋಗಿ ನೋಡಿ. ನಳಿಗೆ ಕಳಚಿ ಟ್ರಿಗರ್ ಎಳೆದವರು ಮಾಡುವುದು ಅದನ್ನೇ. ಕುದುರೆ ಬಿದ್ದಾಯಿತು. ಕುದುರೆ ಬಿದ್ದಾಗ ತೋಟಾದ ಕೇಪಿಗೆ ಬಡಿಯುವ ಮೊನೆ ಬಾಡಿಯ ಮುಖದಿಂದ ಸಾಸಿವೆಕಾಳಿನಷ್ಟು ಹೊರಗೆ ಚಾಚಿ ನಿಲ್ಲುತ್ತದೆ. ಒಳಗಿನ ಸನ್ನೆಗಳೂ ಇರಬೇಕಾದ ಜಾಗ ಬಿಟ್ಟಿರುತ್ತವೆ. ಕೆಲವು ಕೋವಿಗಳಲ್ಲಿ ನಳಿಗೆ ಕೊಕ್ಕೆಗೇ ಕೂರುವುದಿಲ್ಲ. ಕೆಲವದರಲ್ಲಿ ಕೂರುತ್ತದೆ, ಮುಚ್ಚುವುದಿಲ್ಲ. ಬಲ ಹಾಕಿ ಮುಚ್ಚಿದರೆ ಆ ಮೊನೆ ಹಾಳು. ಇನ್ನು ಕೆಲವದರಲ್ಲಿ ಏನೂ ತೊಂದರೆಯಾಗದೆ ಕೂತುಬಿಡುತ್ತದೆ, ಆ ಪುಣ್ಯವಂತರು ಊರೆಲ್ಲ ತಿರುಗಿ 'ಏನೂ ಆಗಲ್ಲ ಕಣ್ರೀ' ಅನ್ನುತ್ತಾರೆ. ಒಂದೊಂದು ಕಂಪನಿಯದು ಒಂದೊಂದು ಥರ. ನಿಮ್ಮದು ಯಾವ ಥರದ್ದು ಅಂತ ಕೋವಿ ನೋಡದೆ ನಾನು ಹೇಳಲಾರೆ.

ತೋಟಾ ಚಿಮ್ಮಿಸುವ ಎಜೆಕ್ಟರ್ ಇರುವ ಹಳೆಯ ಇಂಗ್ಲಿಷ್ ಕೋವಿಗಳದ್ದು ಇನ್ನೊಂದು ತರಲೆ. ಎಸ್ಟೇಟ್ ಬಂಗಲೆಗಳಲ್ಲಿ, ಕೊಡಗಿನ ಕೆಲವು ಹಳೇ ಮನೆಗಳಲ್ಲಿ ಇನ್ನೂ ಇವೆ. ನಳಿಗೆಯ ಅಡಿಯಲ್ಲಿ ಎಡಗೈ ಹಿಡಿಯುವ ಮರದ ತುಂಡಿದೆಯಲ್ಲ, ನಾವು ಫೋರೆಂಡ್ ಅನ್ನುತ್ತೇವೆ, ಅದರೊಳಗೂ ಪುಟ್ಟ ಸ್ಪ್ರಿಂಗುಗಳಿರುತ್ತವೆ. ಕಳಚಿದ ಫೋರೆಂಡನ್ನು ಮಕ್ಕಳ ಆಟಿಕೆಯ ಹಾಗೆ ಒತ್ತಿ ನೋಡಿದರೆ ಅವೂ ಬಿಡುಗಡೆಯಾಗುತ್ತವೆ. ವಾಪಸ್ ಒತ್ತಲು ಹೋದ ಬೆರಳಿನ ಚರ್ಮ ಕಬ್ಬಿಣದ ಸಂದಿಗೆ ಸಿಕ್ಕಿ ಚಿವುಟಿದಂತಾಗುತ್ತದೆ. ದೊಡ್ಡ ಗಾಯವಲ್ಲ, ಎರಡು ದಿನ ಅನ್ನ ಕಲಸುವಾಗ ನೆನಪಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಕೋವಿ ಮಡಚಿ, ಖಾಲಿ ನೋಡಿ, ಮುಚ್ಚಿ. ಈಗ ಕುದುರೆ ಎದ್ದಿದೆ. ಇರಲಿ ಬಿಡಿ. ಫೋರೆಂಡ್ ತೆಗೆಯಿರಿ. ಆಮೇಲೆ ನಳಿಗೆಯನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದು ಮೇಲಿನ ಲಿವರ್ ತಿರುಗಿಸಿ ಕಳಚಿ. ಹಿಡಿಯದೆ ಲಿವರ್ ತಿರುಗಿಸಿದರೆ ಒಂದೂವರೆ ಕೆ.ಜಿ. ಹತ್ತಿರದ ಕಬ್ಬಿಣ ಕಾಲ್ಬೆರಳಿನ ಮೇಲೆ ಬೀಳುತ್ತದೆ, ಅದನ್ನೂ ನೋಡಿದ್ದೇನೆ. ಒರೆಸಿ ಮುಗಿಯುವ ತನಕ ಟ್ರಿಗರ್ ಮುಟ್ಟಬೇಡಿ. ಒರೆಸಿದ ಮೇಲೆ ನಳಿಗೆ, ಆಮೇಲೆ ಫೋರೆಂಡ್, ಬಂದ ದಾರಿಯಲ್ಲೇ ವಾಪಸ್.

ಸ್ಪ್ರಿಂಗ್ ಸೋಲುತ್ತದೆ ಅನ್ನುವ ಚಿಂತೆ ಇನ್ನೂ ಇದ್ದರೆ, ಅದರಲ್ಲಿ ಸ್ವಲ್ಪ ನಿಜವೂ ಇರಬಹುದು, ಹಳೆಯ ಚಪ್ಪಟೆ ಸ್ಪ್ರಿಂಗುಗಳ ವಿಷಯದಲ್ಲಿ ನಾನು ಆಣೆ ಮಾಡಿ ಇಲ್ಲ ಅನ್ನಲಾರೆ. ಇಳಿಸಲೇಬೇಕು ಅಂತಿದ್ದರೆ ಕೋವಿ ಪೂರ್ತಿ ಜೋಡಿಸಿದ ಮೇಲೆ ಇಳಿಸಿ. ಎರಡೂ ನಳಿಗೆಗೆ ಡಮ್ಮಿ ತೋಟಾ ಹಾಕಿ, ಮೂತಿ ಹೊರಗೆ ನೆಲಕ್ಕೆ ತಿರುಗಿಸಿ, ಒಂದೊಂದೇ ಟ್ರಿಗರ್. ಡಮ್ಮಿ ಅಂದರೆ ಅಂಗಡಿಯಲ್ಲಿ ಸಿಗುವ ಡಮ್ಮಿ. ಮನೆಯಲ್ಲಿರುವ ಹಳೇ ತೋಟಾ 'ಮಳೆಗೆ ನೆನೆದಿದೆ, ಹೊಡೆಯಲ್ಲ' ಅಂತ ಹಾಕುವವರಿದ್ದಾರೆ. ಅವರಿಗೆ ಏನು ಹೇಳಲಿ.

ಈಗಾಗಲೇ ಟ್ರಿಗರ್ ಎಳೆದುಬಿಟ್ಟಿದ್ದೀರಿ, ನಳಿಗೆ ಕೂರುತ್ತಿಲ್ಲ ಅನ್ನುವುದಾದರೆ ಅಲ್ಲಿಗೆ ಕೈಬಿಡಿ. ಸ್ಕ್ರೂಡ್ರೈವರ್ ಪೆಟ್ಟಿಗೆಗೆ ವಾಪಸ್ ಹೋಗಲಿ. ತುಂಡುಗಳನ್ನು ಹಾಗೇ ಕಟ್ಟಿಕೊಂಡು, ಲೈಸೆನ್ಸ್ ಪುಸ್ತಕದ ಜೊತೆ, ರಿಪೇರಿ ಲೈಸೆನ್ಸ್ ಇರುವವರ ಹತ್ತಿರ ತನ್ನಿ. ಊರಿನ ವೆಲ್ಡಿಂಗ್ ಶಾಪಿನ ಹುಡುಗ ಎಷ್ಟೇ ಜಾಣನಿರಲಿ, 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಅವನು ಕೋವಿ ರಿಪೇರಿ ಮಾಡುವಂತಿಲ್ಲ, ಪಾಪ ಅವನನ್ನೂ ಸಿಕ್ಕಿಸಬೇಡಿ. ನನ್ನ ಹತ್ತಿರ ಹೊನ್ನೆಮರದ ಒಂದು ಕಟ್ಟೆತುಂಡು ಇದೆ. ಬಾಡಿಯನ್ನು ಅದಕ್ಕೆ ಆನಿಸಿ ಸನ್ನೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಅರ್ಧ ನಿಮಿಷದ ಕೆಲಸ, ದುಡ್ಡು ತೆಗೆದುಕೊಳ್ಳುವುದಿಲ್ಲ. ಎಲ್ಲಿ ಆನಿಸಬೇಕು, ಎಷ್ಟು ಒತ್ತಬೇಕು ಅಂತ ಇಲ್ಲಿ ಬರೆದರೆ ನಾಳೆ ಬೆಳಿಗ್ಗೆ ನಾಲ್ಕು ಜನ ಊಟದ ಮೇಜಿಗೆ ಆನಿಸಿ ನೋಡುತ್ತಾರೆ, ಅದಕ್ಕೆ ಬರೆಯುತ್ತಿಲ್ಲ.

ಉಳಿದ ಸಣ್ಣಪುಟ್ಟ ಗಾಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಗಜವನ್ನು ಯಾವಾಗಲೂ ತೋಟಾ ಹಾಕುವ ಕಡೆಯಿಂದ ನೂಕಿ. ಬಟ್ಟೆ ದಪ್ಪವಾಗಿ ಸಿಕ್ಕಿಕೊಂಡರೆ ಅಂಗೈಯಿಂದ ಗುದ್ದಬೇಡಿ, ಹಿಂದಕ್ಕೆ ಎಳೆದು ಬಟ್ಟೆ ಕಡಿಮೆ ಮಾಡಿ. ಹಿತ್ತಾಳೆ ಬ್ರಶ್ಶು ಮೂತಿಯಿಂದ ಹೊರಗೆ ಬರುವ ಕ್ಷಣ ಅದರ ಕೂದಲು ಚಿಮ್ಮಿ ಸೀಮೆಎಣ್ಣೆ, ಮಸಿ ಎಲ್ಲ ಸಿಡಿಯುತ್ತದೆ. ನಳಿಗೆ ಎಷ್ಟು ಹೊಳೀತಿದೆ ಅಂತ ಮೂತಿಗೆ ಮುಖವಿಟ್ಟು ನೋಡುತ್ತಿರುವ ಮೊಮ್ಮಗನ ಕಣ್ಣಿಗೆ ಅದು ಹೋಗುತ್ತದೆ. ಕನ್ನಡಕ ಹಾಕಿ, ಓದುವ ಕನ್ನಡಕವಾದರೂ ಸರಿ, ಮೊಮ್ಮಗನನ್ನು ಒಳಗೆ ಕಳಿಸಿ. ಚರೆ ಸೀಸದ್ದು, ನಳಿಗೆಯ ಮಸಿಯಲ್ಲೂ ಸೀಸ ಇರುತ್ತದೆ, ಸೋಪು ಹಾಕಿ ಕೈ ತೊಳೆಯದೆ ಎಲೆಅಡಿಕೆ ಮುಟ್ಟಬೇಡಿ. ತುಕ್ಕು ಹಿಡಿದ ಅಂಚು ತರಚಿದರೆ ಟಿಟಿ ಇಂಜೆಕ್ಷನ್ ಬೇಕಾ ಬೇಡವಾ ಅನ್ನುವುದು ಡಾಕ್ಟರ ಮಾತು, ನನ್ನದಲ್ಲ, ಅವರನ್ನೇ ಕೇಳಿ. ಕೊಬ್ಬರಿ ಎಣ್ಣೆ ಹಾಕಬೇಡಿ, ನಮ್ಮ ಚಳಿಗೆ ಅದು ಗಟ್ಟಿಯಾಗಿ ಕೀಲು ಬಿಗಿಯುತ್ತದೆ. ಬಿಗಿದ ಕೀಲನ್ನು ಮೊಣಕಾಲಿಗೆ ಕೊಟ್ಟು ಮಡಚಲು ಹೋದಾಗ ಹೆಬ್ಬೆರಳು ಸಿಗುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ಎರಡು ಹನಿ ಸಾಕು.

ಕೊಡಗಿನ ಗಿರಾಕಿಗಳಿಗೆ ಒಂದು ಮಾತು. ನಿಮ್ಮಲ್ಲಿ ಕೊಡವರಿಗೂ ಜಮ್ಮಾ ಜಮೀನಿನವರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿದೆ. ಸ್ಪ್ರಿಂಗಿಗೆ ಅದು ಗೊತ್ತಿಲ್ಲ. ಕೈಲ್‌ಪೊಳ್ದ್ ಅಂದರೆ ನಿಮ್ಮ ಆಯುಧಪೂಜೆ ಹಬ್ಬ, ಸೆಪ್ಟೆಂಬರ್ ಮೊದಲ ವಾರ, ವರ್ಷವಿಡೀ ಬೀರುವಿನಲ್ಲಿದ್ದ ಕೋವಿ ಹಿಂದಿನ ರಾತ್ರಿ ಹೊರಗೆ ಬರುತ್ತದೆ. ಬೆಳಿಗ್ಗೆ ತೋಕ್‌ಪೂ ಹೂ ಸಿಕ್ಕಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು. ಆ ರಾತ್ರಿಯ ಅವಸರದಲ್ಲಿ ಬಿಚ್ಚಿದ ಕೋವಿಗಳೇ ಮರುವಾರ ನನ್ನ ಹತ್ತಿರ ಬರುವುದು. ಆಗಸ್ಟಿನಲ್ಲೇ ಒಂದು ಭಾನುವಾರ ಬಿಚ್ಚಿ. ಪೂಜೆಯ ನೀರು, ಕುಂಕುಮ ಕೀಲಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ನಮ್ಮ ಕಡೆ ಆಯುಧಪೂಜೆಗೆ ಅರಿಶಿನ ಮೆತ್ತುವವರಿಗೂ ಇದನ್ನೇ ಹೇಳುತ್ತೇನೆ, ಅವರೂ ಕೇಳುವುದಿಲ್ಲ.

ಗೌಡರ ಕೋವಿಯನ್ನು ಹೊನ್ನೆತುಂಡಿಗೆ ಆನಿಸಿ ಸರಿ ಮಾಡಿ ಕೊಟ್ಟೆ. ಹದಿನೈದು ದಿನ ಬಿಟ್ಟು ಮತ್ತೆ ಬಂದರು, ಈ ಸಲ ಅಪ್ಪನ ಕೋವಿ ಹಿಡಿದುಕೊಂಡು. ಅದು ಅವರ ಪುಸ್ತಕದಲ್ಲೇ ಎರಡನೆಯದಾಗಿ ಏರಿದೆ, ಈಚೆಗೆ ಹೊಡೆದಿಲ್ಲ. ಚೀಲದಿಂದ ತೆಗೆದರೆ ಎರಡೂ ಕುದುರೆ ಅಚ್ಚುಕಟ್ಟಾಗಿ ಇಳಿಸಿಟ್ಟಿವೆ. ಕುದುರೆಯ ತಲೆಯ ಮೇಲೆ ಹೆಬ್ಬೆರಳು ಜಾರದಿರಲಿ ಅಂತ ಗೀರು ಕೊಯ್ದಿರುತ್ತಾರೆ, ಎಡಗಡೆಯದರಲ್ಲಿ ಗೀರು ಸ್ಪಷ್ಟವಾಗಿದೆ, ಬಲಗಡೆಯದು ಸವೆದು ಬೆಣಚುಕಲ್ಲಿನ ಹಾಗೆ ನುಣ್ಣಗಾಗಿದೆ. ಅವರ ಅಪ್ಪ ಒಂದು ನಳಿಗೆಗೇ ತೋಟಾ ಹಾಕುತ್ತಿದ್ದರಂತೆ, ಎರಡನೆಯದು ದಂಡ ಅಂತ.

"ಇದು ಜಾರ್ತದೆ ಗೌಡ್ರೇ. ಬೆವರು ಕೈಯಲ್ಲಿ ಇಳಿಸಕ್ಕೆ ಹೋದ್ರೆ ತಪ್ಪಿ ಬೀಳುತ್ತೆ. ಅರದಲ್ಲಿ ಹೊಸ ಗೀರು ಕೊಯ್ದು ಕೊಡ್ಲಾ, ಹತ್ತು ನಿಮಿಷ."

ಗೌಡರು ಆ ಸವೆದ ಜಾಗದ ಮೇಲೆ ಹೆಬ್ಬೆರಳಿಟ್ಟು ನೋಡಿದರು. ಅಂಗೈಯ ಗಾಯ ಒಣಗಿ ಚಕ್ಕೆ ಎದ್ದಿತ್ತು.

"ಬೇಡ ಆಚಾರ್ರೇ. ಹಾಗೇ ಇರ್ಲಿ."

ಕೆಲಸದವನಾಗಿ ನಾನು ಒಪ್ಪಬಾರದಿತ್ತು. ಹಾಗಾದರೆ ಇದನ್ನು ಹೊಡೆಯುವಂತಿಲ್ಲ ಅಂತ ಮಾತು ತೆಗೆದುಕೊಂಡು, ಎಣ್ಣೆ ಒರೆಸಿ, ಕುದುರೆ ಇಳಿದ ಹಾಗೇ ಚೀಲಕ್ಕೆ ಹಾಕಿ ಕೊಟ್ಟೆ.