ಚಕ್ರವಿಲ್ಲದ ಬಂಡಿಗೆ ನೀರಿನ ಬ್ರೇಕು

ಯುದ್ಧವಿಮಾನ ಕೈಕೊಟ್ಟಾಗ ಪೈಲಟ್ ಸೀಟಿನ ಸಮೇತ ಹೊರಗೆ ಚಿಮ್ಮುತ್ತಾರಲ್ಲ, ಆ ಏರ್ಪಾಟು ಕೆಲಸ ಮಾಡುತ್ತದೋ ಇಲ್ಲವೋ ಅಂತ ನೋಡೋದು ಹೇಗೆ? ಪ್ರತಿ ಸಲ ಒಂದು ವಿಮಾನವನ್ನು ಬಲಿಕೊಡೋಕಾಗುತ್ತಾ? 2025ರ ಡಿಸೆಂಬರಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಸೇರಿದ, ಚಂಡೀಗಢದ ಟಿಬಿಆರ್‌ಎಲ್ ಪ್ರಯೋಗಾಲಯದಲ್ಲಿ ನಮ್ಮ ಬೆಂಗಳೂರಿನ ತೇಜಸ್ ವಿಮಾನದ ಮುಂಭಾಗವನ್ನಷ್ಟೇ ಬಂಡಿಗೆ ಬಿಗಿದು, ರಾಕೆಟ್ ಹಚ್ಚಿ, ಹಳಿಯ ಮೇಲೆ ಗಂಟೆಗೆ 800 ಕಿ.ಮೀ. ವೇಗದಲ್ಲಿ ಓಡಿಸಿದರು. ಸೀಟಿನಲ್ಲಿದ್ದದ್ದು ಗೊಂಬೆ. ಈ ಬಂಡಿಯೇ ರಾಕೆಟ್ ಸ್ಲೆಡ್.

ಇದಕ್ಕೆ ಚಕ್ರವಿಲ್ಲ. ಇನ್ನೂ ಜಾಸ್ತಿ ವೇಗಕ್ಕೆ ಹೋದರೆ ಚಕ್ರ ತಾನು ಸುತ್ತುವ ರಭಸಕ್ಕೇ ಚೂರಾದೀತು. ಬದಲಿಗೆ ಲೋಹದ 'ಸ್ಲಿಪ್ಪರ್' ಇರುತ್ತವೆ. ಹೌದು, ಎಂಜಿನಿಯರುಗಳು ಕರೆಯೋದೇ ಹಾಗೆ, ಚಪ್ಪಲಿ ಅಂತ! ಗಾಳಿ ಬಂಡಿಯನ್ನು ಎತ್ತಿ ಎಸೆಯದಿರಲಿ ಎಂದು ಅವು ಹಳಿಯ ತಲೆಯನ್ನು ಬೆರಳು ಮಡಚಿ ಹಿಡಿದ ಹಾಗೆ ಹಿಡಿದಿರುತ್ತವೆ. ತೀರಾ ಬಿಗಿಯಾದರೆ ಕಚ್ಚಿಕೊಳ್ಳುತ್ತವೆ, ಸಂದು ಬಿಟ್ಟರೆ ಬಂಡಿ ಕುಕ್ಕುತ್ತದೆ. ವೇಗ ಸೆಕೆಂಡಿಗೆ ಒಂದೂವರೆ ಕಿ.ಮೀ. ದಾಟಿದರೆ ಆ ಕುಕ್ಕಿಗೆ ಗಟ್ಟಿ ಉಕ್ಕೂ ಕಲಸಿದ ಹಿಟ್ಟಿನಂತೆ ಕಿತ್ತು ಬರುತ್ತದೆ. ಹಳಿಯ ಮೇಲೆ ನೀರಹನಿಯ ಆಕಾರದ ಗುಳಿಗಳು ಬೀಳುತ್ತವೆ. ಹಳಿಗೆ ಎಪಾಕ್ಸಿ ಎಂಬ ಗಟ್ಟಿ ಅಂಟಿನ ಲೇಪ ಬಳಿದರೆ ಗುಳಿ ಕಡಿಮೆ.

ಗಾಳಿಯದ್ದು ಇನ್ನೊಂದು ಕಾಟ. ಅಮೆರಿಕದ ನ್ಯೂ ಮೆಕ್ಸಿಕೋದ ಹಾಲೊಮನ್ ವಾಯುನೆಲೆಯಲ್ಲಿ ಸುಮಾರು 15.5 ಕಿ.ಮೀ. ಉದ್ದದ ಹಳಿಯಿದೆ. 2003ರ ಏಪ್ರಿಲಿನಲ್ಲಿ ಅಲ್ಲಿ ಒಂದು ಸ್ಲೆಡ್ ಗಂಟೆಗೆ 10,000 ಕಿ.ಮೀ. ಮೀರಿ ಓಡಿತು. ಅದಕ್ಕಾಗಿ ಹಳಿಯ ಒಂದು ಭಾಗಕ್ಕೆ ಕೊಳವೆಯಂತೆ ಹೊದಿಕೆ ಹಾಕಿ ಹೀಲಿಯಂ ತುಂಬಿದ್ದರು. ಗಾಳಿಗಿಂತ ಏಳು ಪಟ್ಟು ಹಗುರ, ಹಾಗಾಗಿ ತಡೆಯೂ ಕಮ್ಮಿ, ಬಿಸಿಯೂ ಕಮ್ಮಿ.

ನನಗೆ ಇಷ್ಟವಾಗೋದು ಮಾತ್ರ ಬ್ರೇಕು. ಓಡುವ ದೋಣಿಯಿಂದ ನೀರಿಗೆ ಕೈ ಇಳಿಬಿಟ್ಟಿದ್ದೀರಾ? ಕೈ ಹಿಂದಕ್ಕೆ ಎಳೆದುಕೊಂಡು ಹೋಗುತ್ತೆ, ಅಲ್ವಾ? ಇಲ್ಲೂ ಅದೇ. ಹಳಿಗಳ ನಡುವಿನ ಕಾಲುವೆಯಲ್ಲಿ ನೀರು ನಿಲ್ಲಿಸಿರುತ್ತಾರೆ. ಬಂಡಿಯಡಿಯ ಸೌಟು ಅದನ್ನು ಮೊಗೆದು ಎರಚುತ್ತಾ ಸಾಗುತ್ತದೆ. ವೇಗ ಇಮ್ಮಡಿಯಾದರೆ ನೀರಿನ ಹೊಡೆತ ನಾಲ್ಕು ಪಟ್ಟು. ಆದ್ದರಿಂದ ಸುಮ್ನೆ ಕಾಲುವೆ ತುಂಬಿಸಿಟ್ಟರೆ ಆಗದು. ಮೊದಲು ತೆಳುವಾಗಿ, ಮುಂದೆ ಹೋದಂತೆ ಆಳವಾಗಿ ನೀರು ನಿಲ್ಲಬೇಕು. ಅದಕ್ಕೆ ಅಲ್ಲಲ್ಲಿ ಪುಟ್ಟ ಅಡ್ಡಗಟ್ಟೆ. ಸೌಟು ತಾಗಿದರೆ ಒಡೆದು ಹೋಗುವಂಥವು.

1954ರ ಡಿಸೆಂಬರ್ 10ರಂದು ಹಾಲೊಮನ್‌ನಲ್ಲಿ ಇಂಥದ್ದೇ ಬ್ರೇಕಿನ ಬಂಡಿಯಲ್ಲಿ ಕೂತದ್ದು ಗೊಂಬೆಯಲ್ಲ, ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟಾಪ್. ಗಂಟೆಗೆ 1,017 ಕಿ.ಮೀ. ವೇಗದಿಂದ ಬಂಡಿ ನಿಲ್ಲಲು ಹಿಡಿದದ್ದು 1.4 ಸೆಕೆಂಡು. ಅವರ ಮೈಮೇಲೆ ಬಿದ್ದ ಒತ್ತಡ ಸ್ವಂತ ತೂಕದ 46 ಪಟ್ಟು. ಕಣ್ಣಿನ ರಕ್ತನಾಳಗಳು ಒಡೆದು, ಇಳಿದಾಗ ಏನೂ ಕಾಣುತ್ತಿರಲಿಲ್ಲ. ಆಮೇಲೆ ದೃಷ್ಟಿ ಮರಳಿತು.